ನನ್ನ ಅಳತೆಯ ಕಟ್ಟೆ

ನನ್ನ ಗಂಡ ಗೌಂಡಿ. ಎಪ್ಪತ್ತರ ದಶಕದಲ್ಲಿ ಚೆಂಬೂರು, ಪವಾಯಿ ಕಡೆ ಎದ್ದ ಬಿಲ್ಡಿಂಗುಗಳಲ್ಲಿ ಅವರು ಕಟ್ಟಿದ ಅಡಿಗೆಕಟ್ಟೆಗಳು ಒಂದೆರಡಲ್ಲ. ಆ ಮನೆಗಳ ಹೆಂಗಸರು ನಿಂತು ಅಡಿಗೆ ಮಾಡುತ್ತಿದ್ದರು. ಚಾಳಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಮಾತ್ರ ಸ್ಟೋವು ನೆಲದ ಮೇಲೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವಳ ಗಂಡನೂ ಗೌಂಡಿಯೇ ಇದ್ದಿರಬೇಕು.

ಬಲಗಾಲು ಮಡಚಿ ಕುಳಿತು ದಿನಕ್ಕೆ ಮೂವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಮನೆಯಲ್ಲಿ ನಾವಿಬ್ಬರು, ಜೊತೆಗೆ ಕೂಲಿಗೆಂದು ಊರಿನಿಂದ ಬಂದ ಅವರ ಇಬ್ಬರು ತಮ್ಮಂದಿರು. ಬಲ ಮೊಣಕಾಲು ಮೊದಲು ಕಟಕಟ ಎಂದಿತು, ಆಮೇಲೆ ಊದಿತು. ಎಳ್ಳೆಣ್ಣೆ, ಉಪ್ಪಿನ ಶಾಖ, ಎಕ್ಕದ ಎಲೆ ಎಲ್ಲ ಆಯಿತು. ಕೊನೆಗೆ ದಾದರಿನ ಡಾಕ್ಟರು ಎಕ್ಸರೇ ನೋಡಿದರು. ಕೀಲು ಸವೆದಿದೆ, ಪರದೇಶದಲ್ಲಿ ಬದಲಿಸುತ್ತಾರೆ, ನಿಮಗೆ ಆ ಕಾಲ ಬರುವತನಕ ನೆಲಕ್ಕೆ ಕೂರಬೇಡಿ, ಕೂತರೆ ನಡಿಗೆಯೇ ನಿಂತುಹೋಗುತ್ತದೆ ಎಂದರು.

ಮನೆಗೆ ಬಂದವಳೇ ಗಂಡನಿಗೆ ಕಟ್ಟೆ ಕಟ್ಟಿಕೊಡಿ ಎಂದೆ.

"ನಿಂತು ಯಾರರೆ ರೊಟ್ಟಿ ಬಡಿತಾರೇನು? ನಮ್ಮವ್ವ ಸಾಯೂತನಕ ಕುಂತ ಬಡದಾಳ."

"ಕಡೀ ನಾಕು ವರ್ಷ ನಿಮ್ಮವ್ವ ಕುಂಡಿ ಎಳಕೊಂಡು ಅಡ್ಡಾಡಿದ್ದು ಮರತ್ರೇನು?"

ಮರುದಿನದಿಂದ ನಾನು ಹಿಟ್ಟು ಮುಟ್ಟಲಿಲ್ಲ. ಮೂರು ದಿನ ಮೂವರು ಗಂಡಸರೂ ಚಹಾದಲ್ಲಿ ಬೇಕರಿಯ ಪಾವು ಅದ್ದಿ ತಿಂದು ಕೆಲಸಕ್ಕೆ ಹೋದರು. ನನಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ. ನಾಲ್ಕನೆಯ ದಿನ ಇಟ್ಟಂಗಿ ಬಂತು, ಸಂಜೆಯೊಳಗೆ ಕಟ್ಟೆಯೂ ಎದ್ದಿತು.

ಮುಂದೆ ಹೋಗಿ ನಿಂತೆ. ನಾನು ಕುಳ್ಳಿ, ಕಟ್ಟೆ ನನ್ನ ಎದೆಗೆ ನಾಲ್ಕೇ ಬೆರಳು ಕಡಿಮೆ. ಬಿಲ್ಡಿಂಗಿನ ಅಳತೆಯನ್ನೇ ಇಲ್ಲಿಗೂ ತಂದಿದ್ದರು. ರೊಟ್ಟಿ ಬಡಿಯುವಾಗ ಭುಜದ ಭಾರ ಮೇಲಿನಿಂದ ಬೀಳಬೇಕು. ಅವರಿಗೆ ತಿನ್ನುವುದಷ್ಟೇ ಗೊತ್ತು.

"ಒಂದು ಮಣಿ ಇಟ್ಕೊಂಡು ಅದರ ಮ್ಯಾಲ ಹತ್ತಿ ನಿಂದ್ರು," ಎಂದರು.

ಮೊಣಕಾಲು ಮಡಚಲಾಗದವಳಿಗೆ ದಿನಕ್ಕೆ ಹತ್ತು ಸಲ ಮಣೆ ಹತ್ತಿ ಇಳಿ ಎನ್ನುವ ಗಂಡ. ಮೈಯೆಲ್ಲ ಉರಿಯಿತು.

"ಎರಡು ಸಾಲು ಇಟ್ಟಂಗಿ ಕೆಡವ್ರಿ. ಮಂದಿ ಮನಿ ಅಳತಿ ನನಗ್ಯಾಕ? ನನ್ನ ಅಳೀರಿ."

ತಮ್ಮಂದಿರು ತಲೆ ತಗ್ಗಿಸಿ ಹೊರಗೆ ಹೋದರು. ಇವರು ಗೋಡೆ ಕಟ್ಟುವಾಗ ಹಿಡಿಯುವ ದಾರ ತಂದು, ನೆಲದಿಂದ ನನ್ನ ಮೊಣಕೈವರೆಗೆ ಎಳೆದು, ಗೇಣು ಕೆಳಗೆ ಗಂಟು ಹಾಕಿದರು. ಗಂಟು ಹಾಕಿ ಮತ್ತೊಮ್ಮೆ ಅಳೆದರು.

ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ನಾನು ಎಷ್ಟು ಎತ್ತರ ಎಂದು ಆ ಮನುಷ್ಯ ನೋಡಿದ್ದು ಅದೇ ಮೊದಲು.