ಗೋಡೆ ಕಡೆ ತಿರುಗುತ್ತಿದ್ದ ಕುರ್ಚಿ

ಅಂಗಡಿ ತೆರೆದವರು ಯಾರೂ ಗಿರಾಕಿಗೆ ಬೆನ್ನು ಹಾಕಿ ಕೂರುವುದಿಲ್ಲ. ಸವಿತಮ್ಮ ಕೂರುತ್ತಿದ್ದರು. ಚನ್ನಪಟ್ಟಣದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಅವರದು ವೆಬ್‌ಸೈಟ್ ಮಾಡಿಕೊಡುವ ಒಂದೇ ಕೋಣೆಯ ಅಂಗಡಿ. ಗಿರಾಕಿ ಪಾಸ್‌ವರ್ಡ್ ಒತ್ತುವ ಹೊತ್ತಿಗೆ ಅವರ ಕುರ್ಚಿ ಗರ್ರನೆ ಗೋಡೆ ಕಡೆ ತಿರುಗುತ್ತಿತ್ತು. ನಾವು ‘ಆಯ್ತು’ ಎನ್ನುವವರೆಗೂ ಕಾಣುವುದು ಅವರ ಉದ್ದನೆಯ ಜಡೆ ಮಾತ್ರ.

ನಾನು ಕೆಂಗಲ್ ದೇವಸ್ಥಾನದ ಹತ್ತಿರ ರಸ್ತೆಬದಿ ಟಾರ್ಪಾಲು ಹಾಸಿ ಬುಗುರಿ, ಗಿಲಕಿ ಮಾರುತ್ತಾ ಮೇಲೆ ಬಂದವನು. ಆಟಿಕೆ ಅಂಗಡಿಗೊಂದು ವೆಬ್‌ಸೈಟ್ ಬೇಕೆಂದು ಹೋದಾಗ ಮೊದಲು ಕೇಳಿದ್ದೇ ರೇಟು. ಡೊಮೇನಿಗೆ ಬೇರೆ, ಹೋಸ್ಟಿಂಗಿಗೆ ಬೇರೆ ಎಂದರು. ಒಂದೇ ಸಾಮಾನಿಗೆ ಎರಡು ಬಿಲ್ಲೇ ಎಂದು ಜಗಳಕ್ಕೆ ನಿಂತೆ.

“ಡೊಮೇನು ಅಂದ್ರೆ ನಿಮ್ಮ ಅಂಗ್ಡಿ ಹೆಸ್ರು ಕಣಣ್ಣ. ಹೋಸ್ಟಿಂಗು ಅಂದ್ರೆ ಸಾಮಾನು ಜೋಡ್ಸೋ ಮಳಿಗೆ. ಮಳಿಗೆ ಬಾಡಿಗೇದು, ನಾಳೆ ಬದಲಾಯ್ಸಬೋದು. ಹೆಸ್ರು ಮಾತ್ರ ಇನ್ನೊಬ್ರ ಕೈಗೆ ಕೊಡಬ್ಯಾಡಿ.”

ಕೊಟ್ಟು ಕೈತೊಳೆದುಕೊಳ್ಳುವುದೇ ನನಗೆ ಸುಲಭವೆನಿಸಿತ್ತು. ಎಲ್ಲ ನಿಮ್ಮ ಹೆಸರಲ್ಲೇ ಇರಲಿ ಎಂದೆ. ಒಪ್ಪಲಿಲ್ಲ, ಡೊಮೇನು ನನ್ನ ಹೆಸರಿಗೇ ನೋಂದಣಿಯಾಯಿತು. ಚೌಕಾಸಿಯಲ್ಲಿ ನಾನು ಗೆದ್ದದ್ದು ಒಂದೇ: ವ್ಯಾಪಾರದ ಗದ್ದಲದಲ್ಲಿ ನನ್ನಿಂದಾಗದು ಎಂದು, ಖಾತೆ ತೆರೆಯಲು ಬೇಕಾದ ಒಟಿಪಿ ಅವರ ಫೋನಿಗೆ ಬರುವಂತೆ ಮಾಡಿಸಿದೆ. ಅರೆಮನಸ್ಸಿನಿಂದ ಒಪ್ಪಿದರು.

ಒಮ್ಮೆ ದಸರಾಕ್ಕೆ ಮುಂಚೆ ಸೈಟು ತೀರಾ ನಿಧಾನವಾಗಿ, ಅದನ್ನು ಬೇರೆ ಕಂಪನಿಯ ಸರ್ವರಿಗೆ, ಅಂದರೆ ಹೊಸ ಮಳಿಗೆಗೆ, ಸಾಗಿಸಿದರು. ನನ್ನ ಫೋನಿನಲ್ಲಿ ಹೊಸ ಚಿತ್ರಗಳು ಕಾಣುತ್ತಿದ್ದರೆ ಮೈಸೂರಿನ ಗಿರಾಕಿಗೆ ಇನ್ನೂ ಹಳೆಯವೇ. ಗಾಬರಿಯಾಗಿ ಮಹಡಿ ಹತ್ತಿದೆ. ಅವರು ಕಿಟಕಿಯಿಂದ ಬಸ್‌ಸ್ಟ್ಯಾಂಡ್ ತೋರಿಸಿದರು.

“ನೀವು ಮಳಿಗೆ ಬದಲಾಯ್ಸಿದ್ರೆ ಅಲ್ಲಿರೋ ಆಟೋದವ್ರಿಗೆಲ್ಲಾ ಒಂದೇ ಸಲಕ್ಕೆ ಗೊತ್ತಾಯ್ತದಾ? ಕೆಲವ್ರು ಹಳೇ ಜಾಗಕ್ಕೇ ಕರ್ಕೊಂಡೋಯ್ತಾರೆ. ಇಂಟರ್‌ನೆಟ್ಟಲ್ಲಿ ಹಂಗೆ ದಾರಿ ಹೇಳೋದೇ ಡಿಎನ್‌ಎಸ್ಸು. ಒಸಿ ತಡೀರಿ, ಸುದ್ದಿ ಹಬ್ಬಲಿ.”

“ಅಲ್ಲೀಗಂಟ ಹಳೇ ಮಳಿಗೆ ಬಾಗ್ಲು ಮುಚ್ಚಿಲ್ಲ ತಾನೆ?”

“ಮುಚ್ಚಾಕೆ ನಾನೇನು ನಿಮ್ಮಂಗೆ ಒಂದಿನದ ಬಾಡಿಗೆ ಉಳ್ಸೋಳಾ?”

ಸವಿತಮ್ಮ ಈಗಿಲ್ಲ. ಆ ಕೋಣೆಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆದರೆ ಅವರು ಮಾಡಿಕೊಟ್ಟ ಸೈಟುಗಳಲ್ಲಿ ನನಗೆ ಗೊತ್ತಿರುವ ಒಂದೂ ನಿಂತುಹೋಗಿಲ್ಲ. ಡೊಮೇನು, ಪಾಸ್‌ವರ್ಡು, ಒಟಿಪಿ, ಹೀಗೆ ಬೀಗದ ಕೈಯೆಲ್ಲ ಆಯಾ ಮಾಲೀಕರ ಹತ್ತಿರವೇ ಇದೆ. ನಿಮಗೂ ಹೇಳುತ್ತೇನೆ, ರೇಟಿನಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಈ ಬೀಗದ ಕೈ ವಿಷಯದಲ್ಲಿ ಮಾಡಬೇಡಿ.

ಹೋದ ವರ್ಷ ಅವರೇ ಫೋನ್ ಮಾಡಿ ಅಂಗಡಿಗೆ ಕರೆಸಿದ್ದರು. ಕಾಯಿಲೆಯೆಂದು ಕೇಳಿದ್ದೆ. ಕೈಲಾಂಚದಿಂದ ದಿನವೂ ಸ್ಕೂಟರಿನಲ್ಲಿ ಬರುತ್ತಿದ್ದವರು ಅಂದು ಆಟೋದಲ್ಲಿ ಬಂದಿದ್ದರು. ಜಡೆ ಇರಲಿಲ್ಲ, ತಲೆಗೆ ಹತ್ತಿಬಟ್ಟೆ ಕಟ್ಟಿದ್ದರು.

“ಒಟಿಪಿಗೆ ನನ್ನ ನಂಬರ್ ತೆಗೆದಾಕಿ ನಿಮ್ದು ಹಾಕ್ಕಳಿ.”

ಆಸ್ಪತ್ರೆ ಓಡಾಟವೆಲ್ಲ ಮುಗಿಯಲಿ, ಆಮೇಲೆ ನೋಡೋಣ ಎಂದೆ.

“ಈ ನಂಬರು ಬಂದ್ ಆದ ಮ್ಯಾಕೆ ಒಟಿಪಿ ಯಾರ್‌ಗೆ ಬತ್ತದೆ, ಹೇಳಿ.”

ಅವರ ಕಂಪ್ಯೂಟರಿನಲ್ಲಿ ನನ್ನ ಖಾತೆ ತೆರೆಯಲು ಕೂತೆ. ಅವರ ಫೋನಿಗೆ ಕೊನೆಯ ಒಟಿಪಿ ಬಂತು. ಒಂದೊಂದೇ ಅಂಕಿ ಓದಿ ಹೇಳಿದರು. ನನ್ನ ನಂಬರು ಸೇರಿತು. ಹಂಗೇ ಪಾಸ್‌ವರ್ಡೂ ಬದಲಾಯಿಸಿಕೊಳ್ಳಿ ಎಂದು ಕುರ್ಚಿಯನ್ನು ಮೆಲ್ಲಗೆ ಗೋಡೆ ಕಡೆ ತಿರುಗಿಸಿದರು.

ಒತ್ತಿ ಮುಗಿಸಿದೆ. ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ.

“ಆಯ್ತಾ ಅಣ್ಣ?” ಗೋಡೆ ನೋಡುತ್ತಲೇ ಕೇಳಿದರು.

“ಇನ್ನೊಸಿ ಐತೆ” ಅಂದೆ.