ಕೈ ನಿಂದು, ಕಣ್ಣು ನಂದು

ಗಿರಿಜಕ್ಕನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಮನೆಯ ಫ್ಯಾನು. ಅವರ ಲ್ಯಾಪ್‌ಟಾಪಿನ ಪರದೆ ಸಡಿಲಾಗಿ ಹಿಂದಕ್ಕೆ ವಾಲಿರುತ್ತಿತ್ತು. ಕ್ಯಾಮೆರಾದಲ್ಲಿ ಸೂರು, ಫ್ಯಾನು, ಆಗೀಗ ನೆತ್ತಿಯ ನರೆಗೂದಲು ಇಷ್ಟೇ ಕಾಣುತ್ತಿದ್ದುದು. ನನ್ನ ಕ್ಯಾಮೆರಾ ಕೆಟ್ಟಿದ್ದರಿಂದ ಅವರಿಗೆ ನನ್ನ ದನಿಯಷ್ಟೇ ಪರಿಚಯ. ಅವರಿದ್ದದ್ದು ಜಗಳೂರಿನಲ್ಲಿ, ನಾನು ಹೊನ್ನಾಳಿಯಲ್ಲಿ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯೊಂದಕ್ಕೆ ಇಬ್ಬರೂ ಮನೆಯಿಂದಲೇ ದುಡಿಯುತ್ತಿದ್ದೆವು. ಕಂಪನಿ ನಮ್ಮನ್ನು ಜೋಡಿ ಮಾಡಿತ್ತು. ಒಂದೇ ಪರದೆಯನ್ನು ಇಬ್ಬರೂ ತೆರೆದುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಬ್ಬರು ಕೋಡ್ ಬರೆಯಬೇಕು, ಇನ್ನೊಬ್ಬರು ನೋಡುತ್ತ ತಿದ್ದಬೇಕು.

ಮೊದಲ ದಿನವೇ ಇಬ್ಬರೂ ಒಟ್ಟಿಗೆ ಟೈಪ್ ಮಾಡಲು ಹೋಗಿ ಸಾಲುಗಳೆಲ್ಲ ಕಲಸಿಹೋದವು. "ಕೈ ತೆಗಿಯವ್ವ, ಇಬ್ರೂ ಸೇರಿ ಕುಟ್ಟಾಕೆ ಇದೇನು ಅವಲಕ್ಕಿನಾ?" ಎಂದರು ಗಿರಿಜಕ್ಕ. ನಾನು ಅವಸರ ಮಾಡಿದರೆ, "ಯಾಕೆ ಅಂತ ಬಾಯಲ್ಲಿ ಹೇಳು, ಆಮೇಲೆ ಬರಿ" ಎನ್ನುತ್ತಿದ್ದರು. ಹೇಳಲು ಹೊರಟರೆ ಅರ್ಧ ತಪ್ಪು ನನಗೇ ಹೊಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಸಾಕಾಗಿರುತ್ತಿತ್ತು. ಆದರೂ ಗಿರಿಜಕ್ಕ ಕಾಲ್ ಕಟ್ ಮಾಡಲು ಬಿಡುತ್ತಿರಲಿಲ್ಲ. "ಮಾತಾಡ್ಬ್ಯಾಡ, ಸುಮ್ನೆ ಇರು. ಆ ಕಡೆ ಒಬ್ರು ಅದಾರೆ ಅಂತ ಗೊತ್ತಾದ್ರೆ ಸಾಕು."

ಆಮೇಲೆ ಅವರ ಬೆರಳುಗಳು ಜೋಮು ಹಿಡಿಯತೊಡಗಿದವು. ಡಾಕ್ಟರು ಕೈಗೆ ವಿಶ್ರಾಂತಿ ಕೊಡಿ ಎಂದರು. ಕೆಲಸ ಬಿಡುವ ಹಾಗಿರಲಿಲ್ಲ. "ಬೆರಳು ನನ್ನ ಮಾತು ಕೇಳ್ತಿಲ್ಲ ಸುಮಾ. ಇವತ್ತಿಂದ ಕೈ ನಿಂದು, ಕಣ್ಣು ನಂದು" ಎಂದರು. ಅಂದಿನಿಂದ ಅವರು ಹೇಳಿದರು, ನಾನು ಬರೆದೆ.

ಯಾರು ಎಷ್ಟು ಟೈಪ್ ಮಾಡಿದರೆಂದು ನೋಡುವ ವ್ಯವಸ್ಥೆ ಕಂಪನಿಯಲ್ಲಿ ಬಂತು. ಮ್ಯಾನೇಜರ್ ಮೀಟಿಂಗಿನಲ್ಲೇ ಕೇಳಿದರು: "ಗಿರಿಜಾ ಅವರೇ, ನಿಮ್ಮ ಕೆಲಸವೇ ಕಾಣ್ತಿಲ್ವಲ್ಲ?"

ನಾನೇ ಬಾಯಿ ಹಾಕಿದೆ: "ಸರ್, ನಾನು ಬರೆದಿದ್ರಲ್ಲಿ ಅರ್ಧ ಅವರದೇ. ನಾಳೆ ನಮ್ಮ ಜೊತೆ ಕೂತು ನೋಡ್ರಿ."

ಮರುದಿನ ಮ್ಯಾನೇಜರ್ ನಮ್ಮ ಕಾಲ್‌ಗೆ ಬಂದು ಕೂತರು. ಆದರೆ ಆ ಬೆಳಿಗ್ಗೆ ನಮಗೆ ಒಂದೂ ಕೈಹತ್ತಲಿಲ್ಲ. ಹಿಡಿದ ದಾರಿಗಳೆಲ್ಲ ತಪ್ಪಿದವು. ಜಗಳೂರಿನಲ್ಲಿ ಕರೆಂಟ್ ಹೋಗಿ ಗಿರಿಜಕ್ಕನ ದನಿ ಪದೇ ಪದೇ ಕಡಿಯಿತು. ಮ್ಯಾನೇಜರ್ ಮರ್ಯಾದೆಯಿಂದಲೇ ಥ್ಯಾಂಕ್ಸ್ ಹೇಳಿ ಹೊರಟರು. ಮುಂದಿನ ವಾರ ಜೋಡಿ ಮುರಿಯಿತು. ಇನ್ನು ಅವರವರ ಕೆಲಸ ಅವರವರಿಗೆ.

ಒಂಟಿಯಾಗಿ ಗಿರಿಜಕ್ಕ ಕೆಲವು ವಾರ ಹೆಣಗಿದರು. ಕಡೆಗೆ ಫೋನ್ ಮಾಡಿ, "ಸಾಕಾತು ಸುಮಾ. ರಾಜೀನಾಮೆ ಬರೆದು ಕೊಟ್ಟೀನಿ. ಶುಕ್ರವಾರಕ್ಕೆ ಮುಗೀತೈತೆ" ಎಂದರು.

ಆ ಶುಕ್ರವಾರ ನಾನು ಲ್ಯಾಪ್‌ಟಾಪ್ ಹೆಗಲಿಗೇರಿಸಿ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಬಾಗಿಲು ತೆರೆದ ಗಿರಿಜಕ್ಕ ಗುರುತು ಹತ್ತದೆ ನಿಂತರು. "ಅಕ್ಕ" ಎಂದೆ. ದನಿ ಕೇಳಿದ್ದೇ ಪಟ್ಟಿ ಕಟ್ಟಿದ ಎರಡೂ ಕೈಗಳಲ್ಲಿ ನನ್ನ ಮುಖ ಹಿಡಿದರು. "ಅಯ್ಯ, ಎಷ್ಟು ಕುಳ್ಳಿ ಅದೀಯಲ್ಲೇ!"

ಚಹಾ ಆದ ಮೇಲೆ ಕೇಳಿದರು, "ಈಗ ಜೊತೆಗ್ಯಾರು ಅದಾರೆ?"

"ಯಾರೂ ಇಲ್ಲ ಅಕ್ಕ."

"ಲ್ಯಾಪ್‌ಟಾಪ್ ತೆಗಿ ಮತ್ತೆ. ಸಂಜಿ ತನಕ ನಾನೂ ಕೆಲಸದಾಗೆ ಅದೀನಿ."

ಒಂದೇ ಚಾಪೆಯ ಮೇಲೆ, ಒಂದೇ ಪರದೆಯ ಮುಂದೆ ಕೂತೆವು. ನಾನು ಬರೆಯುವ ಮೊದಲು ಯಾಕೆಂದು ಹೇಳತೊಡಗಿದೆ. ಅವರು "ಹ್ಞೂ, ಹ್ಞೂ" ಎನ್ನುತ್ತಿದ್ದರು. ಹ್ಞೂಗುಟ್ಟುವುದು ನಿಧಾನವಾಗಿ ನಿಂತಿತು. ತಲೆ ನನ್ನ ಭುಜಕ್ಕೆ ಒರಗಿತು. ಎಷ್ಟು ದಿನದ ನಿದ್ದೆಯೋ. ಹೆಗಲು ಅಲುಗಿದರೆ ಎಚ್ಚರವಾದಾರೆಂದು ನಾನು ಟೈಪ್ ಮಾಡುವುದನ್ನು ಬಿಟ್ಟೆ. ಮಾತು ಮಾತ್ರ ನಿಲ್ಲಿಸಲಿಲ್ಲ. ಮೆಲ್ಲಗೆ, ಬರೆಯಬೇಕಿದ್ದ ಕೊನೆಯ ಸಾಲಿನವರೆಗೂ ಹೇಳಿ ಮುಗಿಸಿದೆ.