ಅರ್ಧ ಅಂಕದ ಸಿಸ್ಟರ್

ಮೂರನೇ ಮಹಡಿಯ ವಾರ್ಡಿನ ಹಿರಿಯ ನರ್ಸನ್ನು ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ‘ಅರ್ಧ ಅಂಕದ ಸಿಸ್ಟರ್’ ಎನ್ನುತ್ತಾರೆ. ಹೊರದೇಶದ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಅವರು ಮೂರು ಸಲವೂ ಮಾತನಾಡುವ ಭಾಗದಲ್ಲಿ ಅರ್ಧ ಅಂಕದಿಂದ ಸೋತವರು. ಇಂಜೆಕ್ಷನ್ ಕೊಡುವಾಗಲೂ ರೋಗಿಗೆ ಇಂಗ್ಲಿಷಿನಲ್ಲೇ ಧೈರ್ಯ ಹೇಳುತ್ತಾರೆ; ಒಂದಕ್ಷರವೂ ಅರ್ಥವಾಗದ ರೋಗಿ ಬೆರಗಾಗಿ ನೋವನ್ನೇ ಮರೆಯುತ್ತಾನೆ. ಡ್ರಿಪ್ಪಿನ ಹನಿ ಎಣಿಸುವ ಅದೇ ಗಡಿಯಾರ ಹಿಡಿದು, ಬಟ್ಟೆ ಕೋಣೆಯಲ್ಲಿ ಮಡಿಸಿಟ್ಟ ಚಾದರಗಳೆದುರು ಪರೀಕ್ಷೆಯಲ್ಲಿ ಕೊಡುವಷ್ಟೇ, ಸರಿಯಾಗಿ ಎರಡೆರಡು ನಿಮಿಷ ಭಾಷಣ ಮಾಡುತ್ತಾರೆ. ಭಾಷೆ ಸಲೀಸು, ಹಟವೇ ಅಡ್ಡಿ. ಪರೀಕ್ಷೆಯಲ್ಲಿ ‘ನೀವು ಹೋದ ಪ್ರವಾಸದ ಬಗ್ಗೆ ಹೇಳಿ’ ಎಂದರೆ ‘ಹೋಗಿಲ್ಲ’ ಎಂದು ಕೈಕಟ್ಟಿ ಕೂತುಬಿಡುತ್ತಾರೆ. “ಸುಮ್ನೆ ಒಂದು ಸಮುದ್ರ ನೋಡಿದೆ ಅಂತ ಹೇಳಿ ಸಿಸ್ಟರ್, ಅವರೇನು ಬಂದು ವಿಚಾರಿಸ್ತಾರಾ?” ಎಂದು ಕೋಚಿಂಗ್ ಮೇಷ್ಟ್ರು ಗೋಗರೆದರೆ, “ಕೊಡದೇ ಇರೋ ಔಷಧಿನ ಕೊಟ್ಟೆ ಅಂತ ಇಪ್ಪತ್ತೆರಡು ವರ್ಷದಲ್ಲಿ ಒಂದಿನಾನೂ ಬರೆದಿಲ್ಲ ಮೇಷ್ಟ್ರೇ. ನೋಡದೇ ಇರೋ ಸಮುದ್ರನ ಈಗ ಎಲ್ಲಿಂದ ತರ್ಲಿ?” ಎನ್ನುತ್ತಾರೆ. ನಾಲ್ಕನೇ ಸಲ ‘ಮರೆಯಲಾಗದ ಒಂದು ಪ್ರಯಾಣ’ ಎಂಬ ವಿಷಯ ಬಂತು. ಸಿಸ್ಟರ್ ಕ್ಷಣ ಯೋಚಿಸಿ, ಲಿಫ್ಟ್ ಕೆಟ್ಟ ದಿನ ಆಯಾ ಜೊತೆ ಸೇರಿ ಹೆರಿಗೆ ನೋವಿನ ಹೆಂಗಸನ್ನು ಸ್ಟ್ರೆಚರಿನಲ್ಲಿ ಹೊತ್ತು ಮೂರು ಮಹಡಿ ಇಳಿದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳತೊಡಗಿದರು. ಎರಡು ನಿಮಿಷ ಮುಗಿದು ಪರೀಕ್ಷಕಿ ‘ಸಾಕು’ ಎಂದು ಕೈಯೆತ್ತಿದಾಗ, “ತಾಳಿ, ಇನ್ನೂ ಒಂದು ಮಹಡಿ ಇದೆ” ಎಂದು ಇಂಗ್ಲಿಷಿನಲ್ಲೇ ಗದರಿಸಿ, ಆ ಹೆಂಗಸನ್ನು ಆಪರೇಷನ್ ಥಿಯೇಟರಿನ ಬಾಗಿಲು ಮುಟ್ಟಿಸಿಯೇ ಕುರ್ಚಿಯಿಂದ ಎದ್ದರು.